ಯಾವ ಕೊಡಗು, ಯಾವ ವರ್ಷ, ಯಾರ ಲೆಕ್ಕ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಕೊಡಗಿನ ಚರಿತ್ರೆ, ಭಾಷೆ, ಭೂಮಿ, ಮಳೆ, ಬೆಳೆ ಕುರಿತು ಶಾಸ್ತ್ರೀಯವಾಗಿ ಚರ್ಚಿಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಾವು ಹತ್ತು ಹನ್ನೆರಡು ಮಂದಿ, ಅಧ್ಯಾಪಕರು, ನಿವೃತ್ತ ನೌಕರರು, ಬೆಳೆಗಾರರು ಸೇರಿ ತಿಂಗಳಿಗೊಮ್ಮೆ ಕೊಡಗಿನ ವಿಷಯಗಳ ವಿಚಾರಗೋಷ್ಠಿ ಶುರುಮಾಡಿದ್ದೇವೆ. ಪ್ರತಿ ಸಲವೂ ಅದು ಭಾಷಣವಾಗುತ್ತದೆ, ಇಲ್ಲವೇ ಜಗಳವಾಗುತ್ತದೆ. ಏನು ಮಾಡಬೇಕು? (ವಿರಾಜಪೇಟೆ)

ಉತ್ತರ: ನೀವು ಕಳಿಸಿದ ವಿಷಯಪಟ್ಟಿಯಲ್ಲೇ ತೊಂದರೆಯ ಬೇರು ಕಾಣುತ್ತಿದೆ. ‘ಕೊಡಗಿನ ಸಂಸ್ಕೃತಿಯ ಅಳಿವು’, ‘ಕೊಡಗಿನ ಪರಿಸರ ಅಂದು–ಇಂದು’ ಎಂಬ ತಲೆಬರಹ ಕೊಟ್ಟರೆ ಬಂದವರೆಲ್ಲ ತಮ್ಮ ತಮ್ಮ ನೋವು ಹೇಳಿಕೊಂಡು ಎದ್ದು ಹೋಗುತ್ತಾರೆ. ಹೇಳಿದ್ದು ಸುಳ್ಳೆಂದಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ತಾಗುವುದೇ ಇಲ್ಲ, ಅಷ್ಟೆ. ಒಬ್ಬರು ರಾಜರ ಕಾಲದ ಕೊಡಗಿನ ಬಗ್ಗೆ ಆಡುತ್ತಿರುತ್ತಾರೆ, ಇನ್ನೊಬ್ಬರು 1956ರ ನಂತರದ ಜಿಲ್ಲೆಯ ಬಗ್ಗೆ, ಮೂರನೆಯವರು ತಮ್ಮ ನಾಡಿನ ನಾಲ್ಕು ಊರುಗಳ ಬಗ್ಗೆ.

ವಿಷಯವನ್ನು ಪ್ರಶ್ನೆಯ ರೂಪದಲ್ಲೇ ಬರೆಯಿರಿ. ಆ ಪ್ರಶ್ನೆಯಲ್ಲಿ ಜಾಗ, ವರ್ಷ, ಅಳತೆ ಮೂರೂ ಇರಲಿ. ‘ಸೋಮವಾರಪೇಟೆ ತಾಲ್ಲೂಕಿನಲ್ಲಿ 1991ರಿಂದ 2011ರ ಒಳಗೆ ಗದ್ದೆ ಬೇಸಾಯದ ವಿಸ್ತೀರ್ಣ ಎಷ್ಟು ಬದಲಾಯಿತು?’ ಎಂದು ಕೇಳಿದರೆ ಉತ್ತರ ಹುಡುಕಬಹುದು, ಉತ್ತರ ತಪ್ಪಿದ್ದರೆ ತಪ್ಪೆಂದು ತೋರಿಸಲೂಬಹುದು. ತಪ್ಪೆಂದು ತೋರಿಸಲಾಗದ ಮಾತನ್ನು ಗೋಷ್ಠಿಗೆ ತರಬೇಡಿ.

ಮಂಡಿಸುವವರು ಒಬ್ಬರೇ ಇರಲಿ. ಎರಡು ಪುಟದ ಟಿಪ್ಪಣಿ ಹತ್ತು ದಿನ ಮೊದಲೇ ಎಲ್ಲರ ಕೈ ಸೇರಲಿ. ಟಿಪ್ಪಣಿಯ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಲ್ಲಿಂದ ಬಂತು ಎಂಬುದಿರಬೇಕು: ಕಡತವಾದರೆ ಕಚೇರಿ, ವರ್ಷ, ಕಡತ ಸಂಖ್ಯೆ, ಹಾಳೆ ಸಂಖ್ಯೆ, ಹೇಳಿಕೆಯಾದರೆ ಊರು, ತಾರೀಕು, ಹೇಳಿದವರ ಅಂದಾಜು ವಯಸ್ಸು. ಗೋಷ್ಠಿಯ ದಿನ ಮಂಡನೆಗೆ ಇಪ್ಪತ್ತು ನಿಮಿಷ ಸಾಕು. ಅದಾದ ಮೇಲೆ, ಮೊದಲೇ ಗೊತ್ತುಮಾಡಿದ ಒಬ್ಬ ಪ್ರತಿಕ್ರಿಯಕಾರರಿಗೆ ಹತ್ತು ನಿಮಿಷ. ಅವರು ಮೊದಲು ಮಂಡಿಸಿದವರ ವಾದವನ್ನು ತಮ್ಮ ಮಾತಿನಲ್ಲಿ ಹೇಳಬೇಕು. ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಮಂಡಿಸಿದವರು ಒಪ್ಪಿದ ನಂತರವೇ ಆಕ್ಷೇಪಕ್ಕೆ ಅವಕಾಶ. ಈ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಉಳಿದ ನಲವತ್ತು ನಿಮಿಷ ಮುಕ್ತ ಚರ್ಚೆ.

ಬರೆದುಕೊಳ್ಳುವವರೊಬ್ಬರು ಬೇಕು. ಹಾಳೆಯನ್ನು ಮೂರು ಕಾಲಂ ಮಾಡಿ: ದಾಖಲೆ ಇರುವ ಮಾತು, ನೆನಪಿನ ಮಾತು, ಊಹೆ. ಸಭೆ ಮುಗಿಯುವ ಮೊದಲು ಈ ಹಾಳೆಯನ್ನು ಗಟ್ಟಿಯಾಗಿ ಓದಿ ಎಲ್ಲರ ಒಪ್ಪಿಗೆ ಪಡೆಯಿರಿ. ನೆನಪಿನ ಕಾಲಂನಲ್ಲಿರುವುದಕ್ಕೆ ಬೆಲೆ ಕಡಿಮೆ ಎಂದೇನಿಲ್ಲ. ಅದನ್ನು ಪರೀಕ್ಷಿಸುವ ದಾರಿ ಬೇರೆ. ಇನ್ನೊಂದು ಎಚ್ಚರಿಕೆ: ‘ಕೊಡವರು ಹೀಗೆ’, ‘ಗೌಡರು ಹಾಗೆ’, ‘ಹೊರಗಿನಿಂದ ಬಂದವರು’ ಎಂಬಂಥ ವಾಕ್ಯ ಬಂದ ಕೂಡಲೇ ಅಧ್ಯಕ್ಷರು ‘ಯಾವ ಊರಿನವರು, ಎಷ್ಟು ಮಂದಿ, ಯಾವ ವರ್ಷ?’ ಎಂದು ಕೇಳಲೇಬೇಕು. ಚಿಕ್ಕ ಜಿಲ್ಲೆ, ಎದುರು ಕೂತವರೆಲ್ಲ ಪರಿಚಯದವರು. ಅದಕ್ಕೇ ಈ ಪ್ರಶ್ನೆ ಕೇಳಲು ಎಲ್ಲರಿಗೂ ಸಂಕೋಚ. ಸಂಕೋಚ ಪಟ್ಟರೆ ಗೋಷ್ಠಿ ಕೆಟ್ಟಿತು.

ಪ್ರಶ್ನೆ: 2001ರಲ್ಲಿ ಕೊಡವ ಮಾತನಾಡುವವರು 1,66,187 ಇದ್ದರು, 2011ರಲ್ಲಿ 1,13,857ಕ್ಕೆ ಇಳಿದರು. ಹತ್ತೇ ವರ್ಷದಲ್ಲಿ ಭಾಷೆ ಇಷ್ಟು ಕುಸಿಯಿತು ಎಂದು ನನ್ನ ಪ್ರಬಂಧದಲ್ಲಿ ಬರೆಯಬಹುದೇ? (ಕುಶಾಲನಗರದ ಸ್ನಾತಕೋತ್ತರ ವಿದ್ಯಾರ್ಥಿನಿ)

ಉತ್ತರ: ಬರೆಯಬೇಡಿ. ಅಂಕಿ ಎರಡೂ ಸರಿ. ಇಡೀ ದೇಶದ ಜನಗಣತಿಯಲ್ಲಿ ‘ಕೂರ್ಗಿ/ಕೊಡಗು’ ಎಂಬ ಹೆಸರಿನಡಿ ಬಂದ ಲೆಕ್ಕ ಅದು. ಇಳಿಕೆ 52,330, ಅಂದರೆ ನೂರಕ್ಕೆ ಮೂವತ್ತೊಂದಕ್ಕಿಂತ ಹೆಚ್ಚು. ಆದರೆ ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ. 1991ರಲ್ಲಿ ಇದೇ ಹೆಸರಿನಡಿ 97,011 ಮಂದಿ ಇದ್ದರು. 97,011ರಿಂದ 1,66,187ಕ್ಕೆ ಹತ್ತು ವರ್ಷದಲ್ಲಿ ಏರಿದ್ದು ನೂರಕ್ಕೆ ಎಪ್ಪತ್ತೊಂದು. ಇಂಥ ಏರಿಕೆ ಹೆರಿಗೆಯಿಂದ ಆಗುವಂಥದ್ದಲ್ಲ. ಅದೇ ಹೊತ್ತಿಗೆ ಜಿಲ್ಲೆಯ ಒಟ್ಟು ಜನಸಂಖ್ಯೆಯೇನೂ ಹಾಗೆ ಹಾರಿಲ್ಲ. 1991ರಲ್ಲಿ 4,88,455, 2001ರಲ್ಲಿ 5,48,561, 2011ರಲ್ಲಿ 5,54,519. ಹಾಗಾಗಿ ವಿವರಣೆ ಕೊಡಬೇಕಾದದ್ದು 2011ರ ಅಂಕಿಗಲ್ಲ, 2001ರ ಅಂಕಿಗೆ. 1991ರಿಂದ ನೇರವಾಗಿ 2011ಕ್ಕೆ ಹೋದರೆ ನೂರಕ್ಕೆ ಸುಮಾರು ಹದಿನೇಳರಷ್ಟು ಏರಿಕೆಯೇ ಕಾಣುತ್ತದೆ.

ಗಣತಿದಾರರು ಭಾಷಾಜ್ಞಾನವನ್ನು ಪರೀಕ್ಷಿಸುವುದಿಲ್ಲ. ಮನೆಯವರು ಮಾತೃಭಾಷೆ ಎಂದು ಏನು ಹೇಳುತ್ತಾರೋ ಅದನ್ನೇ ಬರೆದುಕೊಳ್ಳುತ್ತಾರೆ. ಆಮೇಲೆ ಕಚೇರಿಯಲ್ಲಿ ಆ ಹೆಸರುಗಳನ್ನು ಗುಂಪು ಮಾಡುತ್ತಾರೆ. ‘ಕೊಡಗು’ ಎಂದು ಊರಿನ ಅಭಿಮಾನದಿಂದ ಬರೆಸಿದವರೂ ಒಂದೇ ಸಾಲಿಗೆ ಬೀಳುವ ಸಾಧ್ಯತೆ ಇದೆ. ಇದು ನಿಮ್ಮ ಊಹೆಯಾಗಲಿ. ಪರೀಕ್ಷಿಸಲು ಮೂರೂ ಗಣತಿಗಳ ಮಾತೃಭಾಷೆಯ ಪಟ್ಟಿ ತೆಗೆಯಿರಿ (2011ರದ್ದು ಸಿ-16). ಅದು ಜಿಲ್ಲಾವಾರು ಸಿಗುತ್ತದೆ. ಕೊಡಗು, ಬೆಂಗಳೂರು, ಮೈಸೂರು ಜಿಲ್ಲೆಗಳ ಸಾಲುಗಳನ್ನು ಬೇರೆ ಬೇರೆ ಇಟ್ಟು, ಏರಿಳಿತ ಎಲ್ಲಿ ಆಗಿದೆ ನೋಡಿ. ಜೊತೆಗೆ ಕೊಡಗಿನ ಕನ್ನಡದ ಸಾಲು ಅದೇ ವರ್ಷ ಎದುರು ದಿಕ್ಕಿನಲ್ಲಿ ಸರಿದಿದೆಯೇ ಎಂದೂ ನೋಡಿ.

ಅದೇ ಪಟ್ಟಿಯಲ್ಲಿ ಅರೆಭಾಷೆಯನ್ನು (ಇಲ್ಲಿನ ಗೌಡರ ಮಾತು) ಹುಡುಕಿದರೆ ಪ್ರತ್ಯೇಕ ಸಾಲು ಸಿಗುವುದಿಲ್ಲ. ದೇಶದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಮಂದಿ ಹೇಳಿದ ಹೆಸರುಗಳನ್ನು ‘ಇತರೆ’ಗೆ ಸೇರಿಸುತ್ತಾರೆ, ಅರೆಭಾಷಿಕರಲ್ಲಿ ಬಹಳಷ್ಟು ಮಂದಿ ಕನ್ನಡ ಎಂದೇ ಬರೆಸುತ್ತಾರೆ. ಯರವ ಮಾತನ್ನು ಮಲಯಾಳಂ ಗುಂಪಿನೊಳಗೆ ಇಟ್ಟಿದ್ದಾರೆ. ಪಟ್ಟಿಯಲ್ಲಿಲ್ಲದ್ದು ಊರಿನಲ್ಲೂ ಇಲ್ಲ ಎಂದು ತಿಳಿಯಬಾರದು.

ಇನ್ನೊಂದು ಮಾತು. 2011ರ ಗಣತಿ ನಡೆದದ್ದು ಫೆಬ್ರವರಿಯಲ್ಲಿ. ಅದು ರೋಬಸ್ಟಾ ಕಾಫಿ ಕೊಯ್ಲಿನ ಕಾಲ, ಕಾರ್ಮಿಕರ ಲೈನ್‌ಮನೆಗಳು ತುಂಬಿರುವ ಹೊತ್ತು. ಗಣತಿಯ ದಿನಗಳಲ್ಲಿ ಎಲ್ಲಿ ವಾಸವಿದ್ದರೋ ಅಲ್ಲಿ ಲೆಕ್ಕಕ್ಕೆ ಬಂದಿರುತ್ತಾರೆ. ತೋಟಗಳು ಹೆಚ್ಚಿರುವ ಗ್ರಾಮಗಳ ಅಂಕಿಯನ್ನು ಮಳೆಗಾಲದ ಯಾವುದೇ ಸಮೀಕ್ಷೆಯ ಜೊತೆ ಹೋಲಿಸುವಾಗ ಇದನ್ನು ಮರೆಯಬೇಡಿ.

ಪ್ರಶ್ನೆ: ನಮ್ಮ ತೋಟದಲ್ಲಿ ಮೂರು ತಲೆಮಾರಿನ ಮಳೆ ಪುಸ್ತಕಗಳಿವೆ. 2018ರ ಆಗಸ್ಟಿನ ಭೂಕುಸಿತದ ನಂತರ ಇವು ಯಾರಿಗಾದರೂ ಉಪಯೋಗಕ್ಕೆ ಬರಬಹುದು ಎನಿಸಿದೆ. ಹೇಗೆ ಸಿದ್ಧಪಡಿಸಬೇಕು? (ಸುಂಟಿಕೊಪ್ಪ)

ಉತ್ತರ: ಬಹಳ ಉಪಯೋಗಕ್ಕೆ ಬರುತ್ತವೆ. ಸರ್ಕಾರಿ ಮಾಪನ ಕೇಂದ್ರಗಳ ನಡುವಿನ ಗುಡ್ಡಗಳಲ್ಲಿ ಹಳೆಯ ದಶಕಗಳ ದಿನವಹಿ ಮಳೆ ಲೆಕ್ಕ ಇರುವುದು ಬಹುಮಟ್ಟಿಗೆ ತೋಟಗಳಲ್ಲೇ. ಕೊಡಗಿನಲ್ಲಿ ಮೂರು ಮೈಲಿ ಆಚೆಗೆ ಮಳೆಯೇ ಬೇರೆ. ದಯವಿಟ್ಟು ಒಂದು ಹಾಳೆಯನ್ನೂ ಕಳೆಯಬೇಡಿ.

ಮೊದಲು ಪ್ರತಿ ಪುಟದ ಚಿತ್ರ ತೆಗೆಯಿರಿ. ಟೈಪ್ ಮಾಡುವ ಕೆಲಸ ಆಮೇಲೆ. ಟೈಪ್ ಮಾಡುವಾಗ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಒಂದು ಕಾಲಂನಲ್ಲಿ, ಮಿಲಿಮೀಟರಿಗೆ ತಿರುಗಿಸಿದ್ದನ್ನು ಪಕ್ಕದ ಕಾಲಂನಲ್ಲಿ ಹಾಕಿ. ಮೂಲ ಕಾಲಂ ಅನ್ನು ಎಂದೂ ತಿದ್ದಬೇಡಿ.

ದೊಡ್ಡ ತಪ್ಪು ಆಗುವುದು ಇಂಚು–ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟು, ಇಂಚಿಗೆ 25.4 ಮಿ.ಮೀ. ‘3 ಇಂಚು 4 ಸೆಂಟು’ ಎಂದರೆ 3.04 ಇಂಚು, 77.2 ಮಿ.ಮೀ. ಅದನ್ನೇ 3.4 ಎಂದು ಟೈಪ್ ಮಾಡಿದರೆ 86.4 ಮಿ.ಮೀ. ಆಗಿಬಿಡುತ್ತದೆ. ಹಳೆಯ ಪುಸ್ತಕಗಳಲ್ಲಿ ತೋಟದ ಲೆಕ್ಕ ಬರೆಯುವ ಕೆಲವು ರೈಟರ್‌ಗಳು 3–4 ಎಂದೂ ಕೆಲವರು 3.4 ಎಂದೂ ಬರೆದಿರುತ್ತಾರೆ. ಒಂದೇ ಕೈಬರಹದ ಒಂದಿಡೀ ಜುಲೈ ತಿಂಗಳನ್ನು ನೋಡಿ. ಚುಕ್ಕಿಯ ನಂತರ ಎರಡು ಅಂಕಿ ಇರುವ ದಿನಗಳು ಎಷ್ಟಿವೆ, .05, .08 ಎಂದು ಸೊನ್ನೆ ಹಾಕಿ ಬರೆದಿದ್ದಾರೆಯೇ ಎಂಬುದರಿಂದ ಆ ರೈಟರ್‌ನ ರೂಢಿ ಗೊತ್ತಾಗುತ್ತದೆ. ಖಚಿತವಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಿ.

ಎರಡನೆಯದು ತಾರೀಕು. ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಅಳೆದು, ಅದಕ್ಕೆ ಹಿಂದಿನ ಇಪ್ಪತ್ನಾಲ್ಕು ಗಂಟೆಯ ಮಳೆಯನ್ನು ಅಳೆದ ದಿನದ ಹೆಸರಿಗೇ ಬರೆಯುತ್ತದೆ. ತೋಟದಲ್ಲಿ ಬೆಳಗ್ಗೆ ಅಳೆದು, ‘ನಿನ್ನೆ ಸುರಿದ ಮಳೆ’ ಎಂದು ಹಿಂದಿನ ದಿನಕ್ಕೆ ಬರೆಯುವ ರೂಢಿಯೂ ಇದೆ. ತಿಂಗಳ ಮೊತ್ತಕ್ಕೆ ಇದರಿಂದ ಹೆಚ್ಚು ವ್ಯತ್ಯಾಸವಾಗದು. ಭೂಕುಸಿತದ ಅಧ್ಯಯನಕ್ಕೆ ಮಾತ್ರ ಒಂದು ದಿನದ ತಪ್ಪೂ ದೊಡ್ಡದು. ನಿಮ್ಮ ಪುಸ್ತಕವನ್ನು ಹತ್ತಿರದ ಸರ್ಕಾರಿ ಕೇಂದ್ರದ ದಿನವಹಿಯ ಪಕ್ಕದಲ್ಲಿಟ್ಟು, ಭಾರಿ ಮಳೆಯ ಹತ್ತು ದಿನಗಳನ್ನು ಹೋಲಿಸಿ. ನಿಮ್ಮದು ಸತತವಾಗಿ ಒಂದು ದಿನ ಮುಂಚೆ ಬರುತ್ತಿದ್ದರೆ ರೂಢಿ ತಿಳಿದ ಹಾಗೆ. ಈಚಿನ ವರ್ಷಗಳಿಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಾಪಕಗಳ ಲೆಕ್ಕವೂ ಹೋಲಿಕೆಗೆ ಸಿಗುತ್ತದೆ.

ಮೂರನೆಯದು ಖಾಲಿ ಜಾಗ. ಖಾಲಿ ಬಿಟ್ಟದ್ದೆಲ್ಲ ಮಳೆ ಇಲ್ಲದ ದಿನವಲ್ಲ, ಅಳೆಯುವವನು ರಜೆಯಲ್ಲಿದ್ದಿರಬಹುದು. ಜನವರಿಯ ಖಾಲಿಯನ್ನು ಸೊನ್ನೆ ಎನ್ನಬಹುದು, ಜುಲೈನ ಖಾಲಿಯನ್ನು ಎನ್ನಲಾಗದು. ಅಲ್ಲಿ ಅಡ್ಡಗೆರೆ ಹಾಕಿ.

ಮಾಪಕ ಇನ್ನೂ ಇದ್ದರೆ ಅದರ ಬಾಯಿಯ ವಿಸ್ತೀರ್ಣ ಅಳೆಯಿರಿ. 200 ಚದರ ಸೆಂ.ಮೀ. ಬಾಯಿಯದಾದರೆ 20 ಮಿ.ಲೀ. ನೀರಿಗೆ 1 ಮಿ.ಮೀ. ಮಳೆ. ಒಡೆದ ಅಳತೆ ಗಾಜಿನ ಬದಲು ಬೇರೆ ಗಾತ್ರದ ಮಾಪಕದ ಗಾಜು ತಂದು ಬಳಸಿದರೆ, ಅಂದಿನಿಂದ ಎಲ್ಲ ಅಂಕಿಯೂ ಒಂದೇ ಪ್ರಮಾಣದಲ್ಲಿ ದಾರಿ ತಪ್ಪುತ್ತದೆ. ಸರಣಿಯಲ್ಲಿ ಏಕಾಏಕಿ ಮೆಟ್ಟಿಲು ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಎರಡನೆಯ ಅನುಮಾನ ಮರದ ಮೇಲೆ. ಮಾಪಕದಿಂದ ಮರಕ್ಕೆ ಇರುವ ದೂರ ಮರದ ಎತ್ತರದ ಎರಡು ಪಟ್ಟಾದರೂ ಇರಬೇಕು. ಇಟ್ಟಾಗ ಬಯಲಾಗಿದ್ದ ಜಾಗಕ್ಕೆ ಇಪ್ಪತ್ತು ವರ್ಷದಲ್ಲಿ ಸಿಲ್ವರ್ ಓಕ್ ನೆರಳು ಬಂದಿರುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ), ಬ್ಯಾಕಿಂಗ್ ಮಳೆ (ಹೂವಿನ ನಂತರ ಕಾಯಿ ಕಟ್ಟಲು ಬೇಕಾದ ಮಳೆ) ಎಂದು ಅಂಚಿನಲ್ಲಿ ಗುರುತು ಹಾಕಿದ್ದರೆ ಅದಕ್ಕೊಂದು ಬೇರೆ ಕಾಲಂ ಕೊಡಿ. ಕಾಫಿ ಸಂಶೋಧಕರಿಗೆ ಆ ಅಂಚಿನ ಬರಹವೇ ಹೆಚ್ಚು ಬೇಕಾಗುತ್ತದೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜು ಎರಡನ್ನೂ ವಿಚಾರಿಸಿ. ಮೂಲ ಪುಸ್ತಕ ನಿಮ್ಮಲ್ಲೇ ಇರಲಿ, ಪ್ರತಿ ಕೊಡಿ.

ಬರೆಯುವಾಗ ‘ಭಾರಿ’, ‘ಅತಿ ಭಾರಿ’ ಎಂಬುವನ್ನು ಮನಸ್ಸಿಗೆ ಬಂದಂತೆ ಬಳಸಬೇಡಿ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ.ನಿಂದ ಭಾರಿ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಧಿಕ ಭಾರಿ.

ಪ್ರಶ್ನೆ: ಎಕರೆಗೆ ಇಪ್ಪತ್ತು ಚೀಲ ರೋಬಸ್ಟಾ ಎಂದು ನಾವು ಹೇಳುತ್ತೇವೆ, ಕಾಫಿ ಮಂಡಳಿಯ ವರದಿಯಲ್ಲಿ ಹೆಕ್ಟೇರಿಗೆ ಕೆ.ಜಿ. ಇರುತ್ತದೆ. ಹೋಲಿಸುವುದು ಹೇಗೆ? (ಸೋಮವಾರಪೇಟೆ)

ಉತ್ತರ: ನಿಮ್ಮದು ಒಣ ಚೆರ್ರಿಯ 50 ಕೆ.ಜಿ. ಚೀಲ, ಮಂಡಳಿಯದು ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಬೇಳೆ. ಇಪ್ಪತ್ತು ಚೀಲ ಎಂದರೆ 1,000 ಕೆ.ಜಿ. ಚೆರ್ರಿ. ಔಟ್‌ಟರ್ನ್ 26 ಎಂದು ಹಿಡಿದರೆ, ಅಂದರೆ ಚೀಲಕ್ಕೆ 26 ಕೆ.ಜಿ. ಬೇಳೆ, ಎಕರೆಗೆ 520 ಕೆ.ಜಿ. ಕ್ಲೀನ್. ಅದನ್ನು 2.471ರಿಂದ ಗುಣಿಸಿದರೆ ಹೆಕ್ಟೇರಿಗೆ ಸುಮಾರು 1,285 ಕೆ.ಜಿ. ಔಟ್‌ಟರ್ನ್ ವರ್ಷವರ್ಷಕ್ಕೆ ಬದಲಾಗುವುದರಿಂದ ನಿಮ್ಮ ವರ್ಷದ ಅಂಕಿಯನ್ನೇ ಹಾಕಿ. ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್, ಬ್ಯಾಂಕಿನ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮಂಡಳಿ ಒಂದೇ ಬೆಳೆಗೆ ಹೂವಿನ ನಂತರ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಅಂದಾಜು ಕೊಟ್ಟು, ಆಮೇಲೆ ಅಂತಿಮ ಅಂಕಿ ಕೊಡುತ್ತದೆ. ಒಂದು ವರ್ಷದ ಹೂವಿನ ಅಂದಾಜನ್ನು ಇನ್ನೊಂದು ವರ್ಷದ ಅಂತಿಮ ಅಂಕಿಗೆ ಹೋಲಿಸಿ ‘ಬೆಳೆ ಬಿತ್ತು’ ಎಂದು ಬರೆಯುವುದು ತೀರಾ ಸಾಮಾನ್ಯವಾದ ತಪ್ಪು. ಬೆಲೆಯ ಸರಣಿ ಮಾಡುವುದಾದರೆ, ಮಂಡಳಿಯ ಪೂಲ್ ಮಾರಾಟ (ಬೆಳೆಗಾರರ ಕಾಫಿಯನ್ನು ಮಂಡಳಿಯೇ ಸಂಗ್ರಹಿಸಿ ಮಾರುವ ಪದ್ಧತಿ) 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ನಿಂತಿತು. ಅಲ್ಲಿ ಸರಣಿಯನ್ನು ಕಡಿದು ಎರಡು ಮಾಡಿ.

ಪ್ರಶ್ನೆ: ಶಾಸನದಲ್ಲಿರುವ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂದು ಓದಿದ್ದೇನೆ. ಆದರೂ ಒಂದೇ ಶಾಸನಕ್ಕೆ ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ಇಸವಿ ಏಕೆ? (ಮಡಿಕೇರಿ)

ಉತ್ತರ: ಕೊಡಗಿನದೇ ಉದಾಹರಣೆ ತೆಗೆದುಕೊಳ್ಳೋಣ. ಗಂಗ ಅರಸು ನಾಲ್ಕನೆಯ ರಾಚಮಲ್ಲನ ಕಾಲದ ಪೆಗ್ಗೂರು ಶಾಸನದಲ್ಲಿ ಶಕವರ್ಷ 899, ಈಶ್ವರ ಸಂವತ್ಸರ, ಫಾಲ್ಗುಣ ಮಾಸ ಎಂದಿದೆ. 78 ಕೂಡಿಸಿದರೆ 977. ಆದರೆ ಶಕವರ್ಷ ಶುರುವಾಗುವುದು ಯುಗಾದಿಗೆ, ಫಾಲ್ಗುಣ ಅದರ ಕೊನೆಯ ತಿಂಗಳು. ಅಷ್ಟು ಹೊತ್ತಿಗೆ ಜನವರಿ ದಾಟಿರುತ್ತದೆ. ಹಾಗಾಗಿ ಸರಿಯಾದ ಇಸವಿ 978. ಪುಷ್ಯದ ಕೊನೆ, ಮಾಘ, ಫಾಲ್ಗುಣ ಎಂದು ಕಂಡರೆ 79 ಕೂಡಿಸಬೇಕೇ ಎಂದು ನೋಡಿ.

ಸಂವತ್ಸರದಿಂದ ತಾಳೆ ನೋಡುವ ಸುಲಭ ಲೆಕ್ಕವೂ ಇದೆ. ಕಳೆದ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವನ್ನು ಪ್ರಭವದಿಂದ ಎಣಿಸಿ. 899ಕ್ಕೆ 12 ಕೂಡಿಸಿದರೆ 911, ಶೇಷ 11, ಹನ್ನೊಂದನೆಯದು ಈಶ್ವರ. ತಾಳೆಯಾಯಿತು. ಒಂದು ಹೆಚ್ಚು ಬಂದರೆ ಶಾಸನದವರು ನಡೆಯುತ್ತಿದ್ದ ವರ್ಷವನ್ನು ಬರೆದಿದ್ದಾರೆ ಎಂದರ್ಥ. ಆಗ ಒಂದು ಕಳೆಯಬೇಕು. ಹಾಲೇರಿ ಅರಸರ ಕಾಲದ ಬರಹಗಳಲ್ಲಿ ಕಲಿವರ್ಷ ಕಂಡರೆ 3101 ಕಳೆಯಿರಿ. ವರ್ಷದ ಕೊನೆಯ ತಿಂಗಳುಗಳಿಗೆ 3100.

ಶಾಸನಗಳ ಪಾಠಕ್ಕೆ ಶಾಸನತಜ್ಞ ಬಿ.ಎಲ್. ರೈಸ್ ಅವರ 1886ರ ಕೊಡಗಿನ ಶಾಸನಗಳ ಸಂಪುಟವೊಂದನ್ನೇ ನೆಚ್ಚಬೇಡಿ. ಅದರ ಪರಿಷ್ಕೃತ ಮುದ್ರಣ 1914ರದ್ದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಲ್ಲಿ ಕೊಡಗಿನ ಸಂಪುಟವನ್ನು ಹೊಸದಾಗಿ ತಂದಿದೆ. ಶಾಸನದ ಸಂಖ್ಯೆ ಕೊಡುವಾಗ ಯಾವ ಮುದ್ರಣದ ಸಂಖ್ಯೆ ಎಂದು ಬರೆಯದಿದ್ದರೆ ಓದುವವರು ಬೇರೆ ಶಾಸನದ ಮುಂದೆ ನಿಂತಿರುತ್ತಾರೆ.

ಪ್ರಶ್ನೆ: ಅಮರ ಸುಳ್ಯದ ದಂಗೆ ಕೊಡಗಿನ ಚರಿತ್ರೆಯೋ ದಕ್ಷಿಣ ಕನ್ನಡದ್ದೋ? (ಸುಳ್ಯ)

ಉತ್ತರ: ಎರಡರದ್ದೂ. 1834ರವರೆಗೆ ನಿಮ್ಮ ಸೀಮೆ ಕೊಡಗಿನ ಅರಸರ ಕೈಯಲ್ಲಿತ್ತು. ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಕಂಪನಿ ಸರ್ಕಾರ ಅದನ್ನು ಕೆನರಾಕ್ಕೆ ಸೇರಿಸಿತು. ಕಂಪನಿಯ ವಿರುದ್ಧ ದಂಗೆ ಎದ್ದದ್ದು 1837ರಲ್ಲಿ. ಅದೇ ವರ್ಷದ ಅಕ್ಟೋಬರ್ 31ರಂದು ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಸಂಶೋಧಕರಿಗೆ ಇದರ ಅರ್ಥ ಇಷ್ಟೇ: ಕಾಗದಪತ್ರಗಳೂ ಎರಡು ಕಡೆ ಹಂಚಿಹೋಗಿವೆ, ಒಂದೇ ಕಡೆಯ ಕಡತ ನೋಡಿ ಬರೆದರೆ ಅರ್ಧ ಕಥೆ. ಕೊಡಗಿನೊಳಗೂ ಇದೇ ಎಚ್ಚರಿಕೆ ಬೇಕು. ಹಳೆಯ ವರದಿಗಳಲ್ಲಿ ಪಡಿನಾಲ್ಕುನಾಡು, ಎಡೆನಾಲ್ಕುನಾಡು, ಕಿಗ್ಗಟ್ಟುನಾಡು, ನಂಜರಾಜಪಟ್ಟಣ ಎಂಬ ತಾಲ್ಲೂಕುಗಳಿವೆ. ಈಚೆಗೆ ಪೊನ್ನಂಪೇಟೆ, ಕುಶಾಲನಗರ ಹೊಸ ತಾಲ್ಲೂಕುಗಳಾದವು. 2011ರ ‘ವಿರಾಜಪೇಟೆ ತಾಲ್ಲೂಕು’ ಇಂದಿನ ವಿರಾಜಪೇಟೆ ತಾಲ್ಲೂಕಲ್ಲ. ಗ್ರಾಮವಾರು ಪಟ್ಟಿ ಹಿಡಿದು ಹಳೆಯ ಗಡಿಗೆ ಹೊಂದಿಸಿದ ನಂತರವೇ ಹೋಲಿಕೆ.

ಪ್ರಶ್ನೆ: ಜಮ್ಮಾ ಬಾಣೆಯ ಕುರಿತು ಲೇಖನಮಾಲೆ ಬರೆಯುತ್ತಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಿಂದ ಶುರುಮಾಡಲಿ? (ಗೋಣಿಕೊಪ್ಪದ ಪತ್ರಕರ್ತರು)

ಉತ್ತರ: ಜಮ್ಮಾ, ಬಾಣೆ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ಶುರುಮಾಡಿ. ಜಮ್ಮಾ ಎಂದರೆ ಗದ್ದೆಯ ಹಿಡುವಳಿಯ ಒಂದು ಬಗೆ. ಹಳೆಯ ದರದಲ್ಲಿ ನೂರು ಭಟ್ಟಿಗೆ (ಗದ್ದೆಯ ಹಳೆಯ ಅಳತೆ) ಸಾಗು ಭೂಮಿಯ (ಪೂರ್ತಿ ಕಂದಾಯದ ಸಾಮಾನ್ಯ ಹಿಡುವಳಿ) ಕಂದಾಯ ಹತ್ತು ರೂಪಾಯಿ, ಜಮ್ಮಾದ್ದು ಐದು. ಬಾಣೆ ಎಂದರೆ ಆ ಗದ್ದೆಗೆ ಅಂಟಿಕೊಂಡು, ಸೊಪ್ಪು, ಸೌದೆ, ಮೇವಿಗಾಗಿ ಕಂದಾಯವಿಲ್ಲದೆ ಬಿಟ್ಟ ಜಾಗ. ಅಲ್ಲಿ ಕಾಫಿ ಬಂದ ಮೇಲೆ ತಕರಾರು ಬೆಳೆಯಿತು. ‘ರಿಡೀಮ್ಡ್’, ‘ಅನ್‌ರಿಡೀಮ್ಡ್’ ಎಂಬುದು ಮರದ ಹಕ್ಕಿಗೆ ಸಂಬಂಧಿಸಿದ್ದು, ನೆಲದ ಹಿಡುವಳಿಯ ಬಗೆಗೆ ಅಲ್ಲ. ಈ ಮೂರು ಎಳೆಗಳನ್ನು ಒಂದೇ ವಾಕ್ಯದಲ್ಲಿ ಹೆಣೆದಾಗಲೇ ಗೊಂದಲ.

ಕಾನೂನನ್ನು ಕಾಲಕ್ರಮದಲ್ಲಿ ಓದಿ: ಲಿಂಗರಾಜೇಂದ್ರನ ಕಾಲದ ಶಿಸ್ತು (ಭೂಮಿ, ಕಂದಾಯದ ಲೆಕ್ಕ) ಮತ್ತು ಹುಕುಂನಾಮೆ (ಅರಸನ ಆದೇಶಗಳು), 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್, 1964ರ ಭೂ ಕಂದಾಯ ಕಾಯ್ದೆ, ಅದಕ್ಕೆ ಆಮೇಲೆ ಆದ ತಿದ್ದುಪಡಿಗಳು. ಯಾರ ಮಾತನ್ನು ಉಲ್ಲೇಖಿಸಿದರೂ ಅದು ಯಾವ ಕಾನೂನಿನ ಕಾಲದ ಮಾತು ಎಂದು ಪಕ್ಕದಲ್ಲೇ ಬರೆಯಿರಿ. ಪಹಣಿಯಲ್ಲಿ ಪಟ್ಟೆದಾರರ ಹೆಸರು ಕಂಡ ಮಾತ್ರಕ್ಕೆ ಅವರೊಬ್ಬರದೇ ಆಸ್ತಿ ಎಂದು ಬರೆಯಬೇಡಿ. ಒಕ್ಕದ (ಮನೆತನದ) ಪರವಾಗಿ ಅವರ ಹೆಸರಿರುತ್ತದೆ.

ಕಡತಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ನಮೂನೆ ‘ಎ’, ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ಮೀರಿದ ಅರ್ಜಿಗಳೇ ಹೆಚ್ಚಾಗಿ ವಾಪಸ್ ಬರುವುದು. ‘ಏಕೆ ಹೀಗೆ ಮಾಡಿದಿರಿ?’ ಎಂದು ಕೇಳಬೇಡಿ, ‘ಇಂಥ ಗ್ರಾಮದ ಇಂಥ ವರ್ಷದ ಇಂಥ ರಿಜಿಸ್ಟರಿನ ದೃಢೀಕೃತ ಪ್ರತಿ’ ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಇಪ್ಪತ್ತು ವರ್ಷಕ್ಕಿಂತ ಹಳೆಯ ಸಂಗತಿಯಾದರೆ ಕಾಯ್ದೆಯ 8(3)ನೇ ಕಲಂ ನಿಮ್ಮ ಪರವಾಗಿದೆ. ಬಹುತೇಕ ವಿನಾಯಿತಿಗಳು ಅಲ್ಲಿ ಅನ್ವಯಿಸುವುದಿಲ್ಲ. ಅರ್ಜಿಯಲ್ಲೇ ಅದನ್ನು ನಮೂದಿಸಿ.

ಪ್ರಶ್ನೆ: 1952ರ ಚುನಾವಣೆಯಲ್ಲಿ ಕೊಡಗಿನ ಜನ ಮೈಸೂರಿನ ಜೊತೆ ವಿಲೀನಕ್ಕೆ ಮತ ಹಾಕಿದರು ಎನ್ನುತ್ತಾರೆ. ಇದು ಸರಿಯೇ? (ಭಾಗಮಂಡಲ)

ಉತ್ತರ: ಅಷ್ಟು ಸರಳವಾಗಿ ಹೇಳಲಾಗದು. ಆಗ ಕೊಡಗು ‘ಸಿ’ ದರ್ಜೆಯ ರಾಜ್ಯ. 24 ಸ್ಥಾನಗಳಲ್ಲಿ ಕಾಂಗ್ರೆಸ್ 15, ಪಂದ್ಯಂಡ ಬೆಳ್ಳಿಯಪ್ಪನವರ ಮುಂದಾಳ್ತನದ ತಕ್ಕಡಿ ಗುರುತಿನವರು 9 ಗೆದ್ದರು. ತಕ್ಕಡಿಯವರು ಪ್ರತ್ಯೇಕ ಕೊಡಗನ್ನು ಉಳಿಸಿಕೊಳ್ಳಬೇಕು ಎಂದವರು, ಅದು ನಿಜ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವಿಲೀನಕ್ಕೆ ಶಿಫಾರಸು ಮಾಡಿತು, 1956ರ ನವೆಂಬರ್ 1ರಂದು ವಿಲೀನವಾಯಿತು. ಆದರೆ ಸ್ಥಾನಗಳ ಲೆಕ್ಕ ಬೇರೆ, ಮತಗಳ ಲೆಕ್ಕ ಬೇರೆ; ಮತ ಹಾಕಿದವರೆಲ್ಲ ಇದೊಂದೇ ವಿಷಯಕ್ಕೆ ಹಾಕಿದರು ಎನ್ನಲು ಆಧಾರ ಬೇರೆಯೇ ಬೇಕು. ಅದು ವಿಧಾನಸಭೆಯ ಚುನಾವಣೆ, ಜನಮತಗಣನೆಯಲ್ಲ. ಕ್ಷೇತ್ರವಾರು ಮತಗಳನ್ನು ಚುನಾವಣಾ ಆಯೋಗದ ವರದಿಯಿಂದ ತೆಗೆದು, ಪಟ್ಟಿ ಮಾಡಿ, ಆಮೇಲೆ ಮಾತನಾಡಿ. ಇಂದಿನ ಬೇಡಿಕೆಗಳ ಪರವೋ ವಿರೋಧವೋ ಏನೇ ಇರಲಿ, ಅಂದಿನ ಅಂಕಿಯನ್ನು ಅದಕ್ಕಾಗಿ ಬಗ್ಗಿಸಬಾರದು.

ಪ್ರಶ್ನೆ: ಹಿರಿಯರಿಂದ ಹಾಡು, ಕಥೆ, ಊರ ಚರಿತ್ರೆ ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ವಿದ್ವಾಂಸರು ಒಪ್ಪುವ ಹಾಗೆ ಇರಬೇಕಾದರೆ ಏನೇನು ನೋಡಿಕೊಳ್ಳಬೇಕು? (ಪೊನ್ನಂಪೇಟೆ)

ಉತ್ತರ: ತಾಂತ್ರಿಕ ವಿಷಯ ಚಿಕ್ಕದು. ವೇವ್ ಕಡತವಾಗಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿ, ಎಂಪಿ-3 ಬೇಡ. ಮೈಕು ಹೇಳುವವರ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ತಾನೇ ಶಬ್ದ ಏರಿಳಿಸುವ ಸೌಲಭ್ಯವನ್ನು ಆಫ್ ಮಾಡಿ. ಅದು ಇದ್ದರೆ ದುಡಿಯ ಪ್ರತಿ ಪೆಟ್ಟಿಗೂ ಹಾಡಿನ ಸಾಲು ಅಡಗಿಹೋಗುತ್ತದೆ. ದುಡಿ ಬಡಿದಾಗಲೂ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ ಮೊದಲೇ ಹೊಂದಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಮುದ್ರಣ ಇಟ್ಟುಕೊಳ್ಳಬೇಡಿ. ಶುರುವಿನಲ್ಲೇ ತಾರೀಕು, ಊರು, ಹೇಳುವವರ ಹೆಸರು ನಿಮ್ಮ ಬಾಯಲ್ಲೇ ಹೇಳಿ, ಕಡತಕ್ಕೂ ಅದೇ ಕ್ರಮದಲ್ಲಿ ಹೆಸರಿಡಿ. ಮೂರು ಪ್ರತಿ, ಒಂದು ಬೇರೆ ಮನೆಯಲ್ಲಿ.

ದೊಡ್ಡ ವಿಷಯ ಒಪ್ಪಿಗೆ. ಮೂರು ಪ್ರಶ್ನೆ ಬೇರೆ ಬೇರೆ ಕೇಳಿ: ಮುದ್ರಿಸಿಕೊಳ್ಳಲೇ? ಹೆಸರು ಹಾಕಲೇ? ಬೇರೆಯವರಿಗೆ ಕೇಳಿಸಲೇ? ಮೊದಲನೆಯದಕ್ಕೆ ಹೂಂ ಎಂದವರು ಮೂರನೆಯದಕ್ಕೆ ಬೇಡ ಎನ್ನಬಹುದು. ತೆರೆಗೆ (ದೈವದ ಕೋಲಕ್ಕೆ), ಸಾವಿಗೆ ಸಂಬಂಧಿಸಿದ ಹಾಡುಗಳಲ್ಲಿ ಅದು ಸಹಜ. ಯರವ, ಕುರುಬ ಹಾಡಿಗಳಲ್ಲಿ ತೋಟದ ಮಾಲೀಕರ ಎದುರಿಗೆ, ಅಥವಾ ಅವರ ಮೂಲಕ ಒಪ್ಪಿಗೆ ಕೇಳಬೇಡಿ. ಅದು ಒಪ್ಪಿಗೆಯೇ ಅಲ್ಲ. ಮತ್ತೆ ಹೋಗಿ, ಮುದ್ರಿಸಿದ್ದನ್ನು ಅವರಿಗೇ ಕೇಳಿಸಿ. ಹಾಗೆ ಕೇಳುವಾಗ ಅವರು ಮಾಡುವ ತಿದ್ದುಪಡಿಗಳು ಎಷ್ಟೋ ಸಲ ಮೊದಲಿನ ಮಾತಿಗಿಂತ ಬೆಲೆಯುಳ್ಳವು.

ಬರಹಕ್ಕಿಳಿಸುವಾಗ ಒಂದು ಗಂಟೆಯ ಧ್ವನಿಗೆ ಐದಾರು ಗಂಟೆ ಹಿಡಿಯುತ್ತದೆ. ಕೊಡವದ ಎರಡು ಮಧ್ಯಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ನೀವು ಯಾವ ಗುರುತು ಬಳಸುತ್ತೀರಿ ಎಂದು ಮೊದಲ ಪುಟದಲ್ಲೇ ಹೇಳಿ, ಕೊನೆಯವರೆಗೆ ಅದನ್ನೇ ಪಾಲಿಸಿ. ಹಾಡು 1924ರ ಪಟ್ಟೋಲೆ ಪಳಮೆ ಎಂಬ ಕೊಡವ ಹಾಡುಗಳ ಸಂಗ್ರಹದಲ್ಲಿ ಇದ್ದರೆ ಸಾಲುಸಾಲಾಗಿ ಹೋಲಿಸಿ. ಆದರೆ ಪುಸ್ತಕ ನೋಡಿ ಹಾಡನ್ನು ‘ಸರಿಪಡಿಸಬೇಡಿ’. ಅದನ್ನು ಸಂಗ್ರಹಿಸಿದ ನಾಡಿಕೇರಿಯಂಡ ಚಿಣ್ಣಪ್ಪನವರು ತಮ್ಮ ಕಾಲದಲ್ಲಿ ಕೇಳಿದ್ದನ್ನು ದಾಖಲಿಸಿದರು, ನೀವು ಈಗ ಕೇಳಿದ್ದನ್ನು ದಾಖಲಿಸಿ.

ಪ್ರಶ್ನೆ: ಐನ್‌ಮನೆಯ (ಒಕ್ಕದ ಮೂಲಮನೆಯ) ಪೆಟ್ಟಿಗೆಯಲ್ಲಿ ತಾಳೆಗರಿ, ಹಳೆಯ ಕಾಗದಗಳು ಬೂಷ್ಟು ಹಿಡಿದಿವೆ. ಬಿಸಿಲಿಗೆ ಹಾಕಲೇ? (ನಾಪೋಕ್ಲು)

ಉತ್ತರ: ಬೇಡ. ಬಿಸಿಲಿಗೆ ಶಾಯಿ ಮಾಸುತ್ತದೆ, ಗರಿ ಮುರಿಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ಬಿಡಿಬಿಡಿಯಾಗಿ ಹರಡಿ, ಪೂರ್ತಿ ಒಣಗಿದ ಮೇಲೆ ಮಾತ್ರ ಮೃದುವಾದ ಬ್ರಷ್‌ನಿಂದ ಬೂಷ್ಟನ್ನು ಹೊರಗೆ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ತೆಗೆಯಿರಿ. ಹಸಿ ಬೂಷ್ಟನ್ನು ಉಜ್ಜಿದರೆ ಒಳಗೆ ಇಳಿಯುತ್ತದೆ. ಕಾಗದಕ್ಕೆ ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡೂ ಮಾಡಿಸಬೇಡಿ, ಮತ್ತೆ ಬಿಡಿಸಲು ಬರುವುದಿಲ್ಲ. ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ತೆಳುವಾಗಿ ಸವರಬಹುದು. ಶಾಯಿಯಿಂದ ಬರೆದ ಗರಿಯಾದರೆ ಮೊದಲು ಅಕ್ಷರವಿಲ್ಲದ ಅಂಚಿನಲ್ಲಿ ಪರೀಕ್ಷಿಸಿ. ಕಾಗದಕ್ಕೆ ಆ ಎಣ್ಣೆ ತಾಗಿಸಲೇಬೇಡಿ. ಗರಿಗಳ ಕ್ರಮ ಕೆಡದಂತೆ, ದಾರ ಬಿಚ್ಚುವ ಮೊದಲೇ ಪ್ರತಿ ಗರಿಯ ಎರಡೂ ಬದಿಯ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟುಕೊಂಡು. ಮರಳಿ ಇಡುವಾಗ ಹತ್ತಿ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ಅದರ ಬಣ್ಣ ಬದಲಾದಾಗಲೆಲ್ಲ ಬಿಸಿಮಾಡಿ ಒಣಗಿಸಿ. ಪೆಟ್ಟಿಗೆ ಹೊರಗೋಡೆಗೆ ತಾಗಿರಬಾರದು, ನೆಲದಿಂದ ಒಂದು ಅಡಿಯಾದರೂ ಮೇಲಿರಬೇಕು.